ಶೇಟ ಪ್ರೇಮಚಂದ ರಾಯಚಂದರು

ಧನವನ್ನು ಗಳಿಸುವದು ಒಂದು ವಿದ್ಯೆ. ಗಳಿಸಿದ್ದನ್ನು ಉಳಿಸಿಕೊಳ್ಳುವದು ಇನ್ನೊಂದು ವಿದ್ಯೆ. ಎರಡೂ ಒಂದೇ ಎಂದು ಭಾವಿಸಿ ಕೆಟ್ಟ ಮನೆತನಗಳು ನಮ್ಮ ಪ್ರಾಂತದ ಯಾವ ಪಟ್ಟಣದಲ್ಲಿಯೂ ಇಲ್ಲದೆ ಇಲ್ಲ. ಈಚಿನ ವರ್ಷಗಳಲ್ಲಿ ಶೇರುಪೇಟೆಯ ಮಾತು ವಕೀಲರ ಕೋಣೆಯಿಂದ ಹಿಡಿದು ಶಾಲಾಮಾಸ್ತರರ ಪಡಸಾಲೆಯ ವರೆಗೆ ಹಬ್ಬಿರುವದು. ಪಗಾರದಲ್ಲಿ ಉಳಿದ ನಾಲ್ಕು ಕಾಸನ್ನು ಎಲ್ಲಿ ಇಡಬೇಕೆಂಬ ಚಿಂತೆ ಪ್ರತಿಯೊಬ್ಬ ಗೃಹಸ್ಥನಿಗೂ ಇದೆ. ಇಂತಹ ಕಾಲದಲ್ಲಿ, ಆ ಪೇಟೆಯ ಮೂಲಪುರುಷರಲ್ಲಿ ಒಬ್ಬರಾದ ಮುಂಬಯಿಯ ಶೇಟ ಪ್ರೇಮಚಂದ ರಾಯಚಂದರ ಚರಿತ್ರವನ್ನು ವಾಚಕರ ಮುಂದೆ ಇಡುವದು ಸಮಯೋಚಿತವೆಂದು ನಾವು ತಿಳಿಯುತ್ತೇವೆ.

ಪ್ರೇಮಚಂದರು ಸೂರತದ ಜೈನ ಮನೆತನವೊಂದರಲ್ಲಿ ೧೮೩೦ರ ದಶಕದ ಆರಂಭದಲ್ಲಿ ಜನಿಸಿದರು. ತಂದೆ ರಾಯಚಂದ ದೀಪಚಂದರು; ತಾಯಿ ರಾಜಾಬಾಯಿಯವರು. ಸೂರತದ ಹಳೆಯ ವೈಭವವು ಅಳಿದು ವ್ಯಾಪಾರವೆಲ್ಲ ಮುಂಬಯಿಗೆ ಸರಿಯುತ್ತಿದ್ದ ದಿನಗಳವು. ಅನೇಕ ಕುಟುಂಬಗಳಂತೆ ಈ ಕುಟುಂಬವೂ ಮುಂಬಯಿಯನ್ನು ಸೇರಿತು. ಬಾಲಕನಿಗೆ ಇಂಗ್ಲಿಷ್ ವಿದ್ಯಾಭ್ಯಾಸವಾಯಿತು. ಇಂಗ್ಲಿಷ್ ಭಾಷೆಯನ್ನು ಮಾತಾಡಲು, ಓದಲು, ಬರೆಯಲು ಬಲ್ಲ ಮೊದಲನೆಯ ದೇಶೀಯ ದಲಾಲರೆಂದು ಪೇಟೆಯ ಇತಿಹಾಸಕಾರರು ಅವರನ್ನು ಗುರುತಿಸುವರು. ತರುಣಾವಸ್ಥೆಯಲ್ಲಿಯೇ ಒಬ್ಬ ದಲಾಲನ ಕೈಕೆಳಗೆ ಕೆಲಸಕ್ಕೆ ನಿಂತು, ಕೆಲವೇ ವರ್ಷಗಳಲ್ಲಿ ಅವರು ಸ್ವತಂತ್ರರಾದರು. ಸಾವಿರಾರು ರೂಪಾಯಿಗಳ ವ್ಯವಹಾರವನ್ನು ನೆನಪಿನಲ್ಲಿಯೇ ಇಟ್ಟುಕೊಳ್ಳುವ ಧಾರಣಶಕ್ತಿಯೂ, ಕೊಟ್ಟ ಮಾತಿಗೆ ತಪ್ಪದವರೆಂಬ ಹೆಸರೂ ಅವರ ಮೊದಲ ಬಂಡವಾಳವಾಗಿದ್ದವು.

೧೮೬೧ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಅಮೇರಿಕೆಯ ಉತ್ತರ ದಕ್ಷಿಣ ಪ್ರಾಂತಗಳೊಳಗೆ ಯುದ್ಧವು ಹೊತ್ತಿಕೊಂಡಿತು. ದಕ್ಷಿಣದ ಬಂದರಗಳನ್ನು ಉತ್ತರದವರ ಹಡಗುಗಳು ಮುತ್ತಿದುದರಿಂದ ಲ್ಯಾಂಕಶೈರದ ಗಿರಣಿಗಳಿಗೆ ಹತ್ತಿ ಸಿಕ್ಕದಾಯಿತು. ಆ ಗಿರಣಿಗಳ ಒಡೆಯರು ಹಿಂದುಸ್ಥಾನದ ಕಡೆಗೆ ತಿರುಗಿದರು. ಇದರ ಬಿಸಿ ನಮ್ಮ ನಾಡಿಗೂ ತಟ್ಟಿತು. ಧಾರವಾಡ ಜಿಲ್ಲೆಯ ಹತ್ತಿಯು ಘಟ್ಟವನ್ನಿಳಿದು ಕುಮಟೆಯ ಬಂದರದಿಂದ ಮುಂಬಯಿಗೆ ಹೋಗುತ್ತಿತ್ತು. ಆದುದರಿಂದಲೇ ಆ ಹತ್ತಿಯ ಒಂದು ಜಾತಿಗೆ ಪೇಟೆಯಲ್ಲಿ ಕುಮಟಾ ಎಂದೇ ಹೆಸರು. ಈ ಹತ್ತಿಗೆ ಒಳ್ಳೆಯ ಬಂದರವನ್ನು ಮಾಡಿಕೊಡಬೇಕೆಂಬ ಉದ್ದೇಶದಿಂದಲೇ ೧೮೬೨ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸ ಇಲಾಖೆಯಿಂದ ತೆಗೆದು ಮುಂಬಯಿ ಇಲಾಖೆಗೆ ಸೇರಿಸಿ, ಕಾರವಾರದ ಕೆಲಸಕ್ಕೆ ಕೈಹಚ್ಚಲಾಯಿತು.

ವಿಲಾಯತಿಗೂ ಮುಂಬಯಿಗೂ ಆಗ ತಂತಿಯ ಸಂಪರ್ಕವಿರಲಿಲ್ಲ. ಲಿವರಪೂಲದ ಧಾರಣೆಯು ಟಪಾಲಿನ ಹಡಗಿನೊಡನೆಯೇ ಬರಬೇಕಾಗಿತ್ತು. ಹಡಗು ದಡ ಮುಟ್ಟುವ ಮೊದಲೇ ಪ್ರೇಮಚಂದರ ಚುರುಕಾದ ದೋಣಿಗಳು ಅದನ್ನು ಸಮುದ್ರದಲ್ಲಿಯೇ ಎದುರುಗೊಂಡು ಸುದ್ದಿಯನ್ನು ತರುತ್ತಿದ್ದವೆಂದು ಹೇಳುವರು. ಉಳಿದವರು ಧಾರಣೆಯನ್ನು ಅರಿಯುವಷ್ಟರಲ್ಲಿ ಅವರ ಖರೀದಿಯು ಮುಗಿದಿರುತ್ತಿತ್ತು. ಯುದ್ಧದ ವರ್ಷಗಳಲ್ಲಿ ರೂಢಿಯ ಬೆಲೆಗಿಂತ ೭ ಕೋಟಿ ಪೌಂಡಿಗೂ ಮಿಕ್ಕಿದ ಹೆಚ್ಚಿನ ಹಣವು ಹತ್ತಿಯ ರೂಪವಾಗಿ ಮುಂಬಯಿಗೆ ಹರಿದು ಬಂದಿತೆಂದು ಲೆಕ್ಕ ಹಾಕಿರುವರು. ಆ ಪ್ರವಾಹದ ತೂಬು ಪ್ರೇಮಚಂದರ ಕೈಯಲ್ಲಿತ್ತೆಂದರೆ ತಪ್ಪಾಗದು.

ಬಂದ ಹಣಕ್ಕೆ ನೆಲೆ ಬೇಕಷ್ಟೆ. ಬೆಳ್ಳಿಬಂಗಾರಗಳಾದ ಮೇಲೆ ಜನರು ಕಂಪನಿಗಳ ಕಡೆಗೆ ತಿರುಗಿದರು. ೧೮೬೫ರ ಆರಂಭದ ಹೊತ್ತಿಗೆ ಮುಂಬಯಿಯಲ್ಲಿ ೩೧ ಬ್ಯಾಂಕುಗಳು, ೧೬ ಹಣಕಾಸಿನ ಮಂಡಳಿಗಳು, ೮ ಭೂಮಿ ಕಂಪನಿಗಳು, ೨೦ ವಿಮಾ ಕಂಪನಿಗಳು ತಲೆಯೆತ್ತಿದ್ದವು. ಹತ್ತು ವರ್ಷಗಳ ಹಿಂದೆ ಇಂತಹವು ಬೆರಳೆಣಿಕೆಯಷ್ಟೂ ಇರಲಿಲ್ಲ. ಬಹುತೇಕ ಕಂಪನಿಗಳಿಗೆ ಕಾಗದದ ಮೇಲಿನ ಹೆಸರಿನ ಹೊರತು ಬೇರೆ ಉದ್ಯೋಗವಿರಲಿಲ್ಲ. ಹೊಸ ಕಂಪನಿಯ ಶೇರು ಯಾರಿಗೆ ದೊರೆಯಬೇಕೆಂಬುದು ಪ್ರೇಮಚಂದರ ಮಾತಿನ ಮೇಲೆ ನಿಂತಿತ್ತು. ಅವರ ಕೃಪೆ ಸಂಪಾದಿಸಿದವನು ಶೇರನ್ನು ಪಡೆದ ದಿನವೇ ಹೆಚ್ಚಿನ ಬೆಲೆಗೆ ಮಾರಿ ಲಾಭ ಕಾಣುತ್ತಿದ್ದನು. ಆದುದರಿಂದ ಬಿಳಿಯ ಅಧಿಕಾರಿಗಳೂ ಕರಿಯ ಶೇಟಜಿಗಳೂ ಒಂದೇ ಸಾಲಿನಲ್ಲಿ ಅವರ ಬಾಗಿಲನ್ನು ಕಾಯುತ್ತಿದ್ದರು.

ಈ ಉಬ್ಬರಕ್ಕೆ ಎರಡು ಆಧಾರಗಳಿದ್ದವು. ಮೊದಲನೆಯದು ಬ್ಯಾಂಕ್ ಆಫ್ ಬಾಂಬೆ. ೧೮೪೦ರಲ್ಲಿ ಸ್ಥಾಪಿತವಾದ, ಸರಕಾರದ ಪಾಲೂ ಇದ್ದ ಈ ಬ್ಯಾಂಕು ಶೇರುಗಳ ಆಧಾರದ ಮೇಲೆ ಸಾಲ ಕೊಡದಂತೆ ಹಿಂದೆ ನಿರ್ಬಂಧವಿತ್ತು. ೧೮೬೩ರ ಕಾನೂನು ಆ ನಿರ್ಬಂಧವನ್ನು ಸಡಿಲಿಸಿತು. ಬ್ಯಾಂಕಿನ ಮೇಲಾಧಿಕಾರಿಗಳು ಪ್ರೇಮಚಂದರ ಮಾತಿಗೆ ಮಣಿದು, ಅವರು ಸೂಚಿಸಿದವರಿಗೆ ಸಾಕಷ್ಟು ಭದ್ರತೆಯಿಲ್ಲದೆ ಸಾಲ ಕೊಟ್ಟರು. ಸಾಲದಿಂದ ಶೇರಿನ ಬೆಲೆ ಏರಿತು. ಏರಿದ ಬೆಲೆಯ ಆಧಾರದ ಮೇಲೆ ಮತ್ತಷ್ಟು ಸಾಲ ಹುಟ್ಟಿತು. ಜನರು ನಂಬಿ ಇಟ್ಟ ಹಣವನ್ನು ಹೀಗೆ ಪೇಟೆಯ ಆಟಕ್ಕೆ ತೊಡಗಿಸಿದ್ದು ಪ್ರೇಮಚಂದರ ಚರಿತ್ರದ ದೊಡ್ಡ ಕಲಂಕವೆಂಬುದನ್ನು ನಾವು ಮುಚ್ಚಿಡಲಾರೆವು.

ಎರಡನೆಯದು ವಾಯಿದೆಯ ವ್ಯಾಪಾರ. ಸಮುದ್ರವನ್ನು ತುಂಬಿ ನೆಲ ಮಾಡುವ ಬ್ಯಾಕ್ ಬೇ ಕಂಪನಿಯ ಶೇರಿಗೆ ತೆತ್ತ ಮೊಬಲಗು ೫,೦೦೦ ರೂಪಾಯಿ. ಪೇಟೆಯಲ್ಲಿ ಅದರ ಬೆಲೆ ೫೦,೦೦೦ ರೂಪಾಯಿಗಳ ವರೆಗೆ ಏರಿತು. ಇಂತಹ ಶೇರನ್ನು ಕೊಳ್ಳಲು ಕೈಯಲ್ಲಿ ಹಣವೇ ಬೇಕಾಗಿರಲಿಲ್ಲ. ಮುಂದಿನ ಒಂದು ನಿಯಮಿತ ದಿನದಂದು ಇಷ್ಟು ಬೆಲೆಗೆ ತೆಗೆದುಕೊಳ್ಳುತ್ತೇನೆಂದು ಒಪ್ಪಿದರೆ ಸಾಕಾಗಿತ್ತು. ಒಬ್ಬ ಕಾರಕೂನನು ೩೦,೦೦೦ಕ್ಕೆ ಒಪ್ಪಿದನೆನ್ನೋಣ. ಆ ದಿನ ಬೆಲೆಯು ೪೦,೦೦೦ ಇದ್ದರೆ ಕಾಸು ಹಾಕದೆ ಅವನಿಗೆ ೧೦,೦೦೦ ಲಾಭ. ೨೦,೦೦೦ಕ್ಕೆ ಇಳಿದರೆ ಅಷ್ಟೇ ಋಣ. ತಿಂಗಳಿಗೆ ೫೦ ರೂಪಾಯಿ ಪಗಾರದವನು ಆ ಋಣ ತೀರಿಸಲು ಉಣ್ಣದೆ ಉಡದೆ ೧೬ ವರ್ಷ ೮ ತಿಂಗಳು ದುಡಿಯಬೇಕು! ಏರುವ ಪೇಟೆಯಲ್ಲಿ ಈ ಎರಡನೆಯ ಲೆಕ್ಕವನ್ನು ಯಾರೂ ಮಾಡಲಿಲ್ಲ. ವ್ಯಾಪಾರಸ್ಥರು ಮಾತ್ರವಲ್ಲದೆ ಕಚೇರಿಯ ನೌಕರರು, ವೈದ್ಯರು, ವಕೀಲರು ಸಹ ಈ ಸುಳಿಯಲ್ಲಿ ಬಿದ್ದರು. ಅನೇಕ ಕರಾರುಗಳ ವಾಯಿದೆಯು ೧೮೬೫ರ ಜುಲೈ ೧ಕ್ಕೆ ತೀರುವಂತಿತ್ತು.

ಆ ವರ್ಷದ ಏಪ್ರಿಲ್ ೯ರಂದು ದಕ್ಷಿಣದ ಸೇನಾನಿ ಲೀಯು ಶರಣಾಗತನಾದನು. ಯುದ್ಧವು ಮುಗಿಯುತ್ತ ಬಂದಿತೆಂಬ ಸುದ್ದಿ ಮುಂಬಯಿಗೆ ಮುಟ್ಟುತ್ತಲೇ ಹತ್ತಿಯ ಧಾರಣೆ ಕುಸಿಯಿತು. ಹತ್ತಿಯ ಹಿಂದೆಯೇ ಶೇರುಗಳೂ ಕುಸಿದವು. ಜುಲೈ ೧ ಬಂದಾಗ ಕೊಳ್ಳಬೇಕಾದವರ ಬಳಿ ಹಣವಿರಲಿಲ್ಲ, ಮಾರಬೇಕಾದವರಿಗೆ ಗಿರಾಕಿಗಳಿರಲಿಲ್ಲ. ಒಬ್ಬನು ಮುಳುಗಿದುದರಿಂದ ಅವನನ್ನು ನಂಬಿದ ಹತ್ತು ಜನರು ಮುಳುಗಿದರು. ೫೦,೦೦೦ದ ಬ್ಯಾಕ್ ಬೇ ಶೇರು ೨,೦೦೦ಕ್ಕಿಂತ ಕೆಳಗಿಳಿಯಿತು. ಬ್ಯಾಂಕ್ ಆಫ್ ಬಾಂಬೆಯ ಶೇರು ೨,೮೫೦ರಿಂದ ೮೭ಕ್ಕೆ ಬಂದಿತು. ಆ ಬ್ಯಾಂಕು ಮೂಲಧನದ ಬಹುಭಾಗವನ್ನು ಕಳೆದುಕೊಂಡು ೧೮೬೮ರಲ್ಲಿ ಮುಚ್ಚಿಹೋಗಿ, ಅದರ ಸ್ಥಾನದಲ್ಲಿ ಹೊಸದೊಂದು ಬ್ಯಾಂಕನ್ನು ಕಟ್ಟಬೇಕಾಯಿತು. ಸರಕಾರವು ನೇಮಿಸಿದ ವಿಚಾರಣಾ ಮಂಡಳವು ಈ ನಾಶದ ಕಾರಣಗಳೊಳಗೆ ೧೮೬೩ರ ಕಾನೂನನ್ನೂ ಪ್ರೇಮಚಂದರ ಪ್ರಭಾವವನ್ನೂ ಎಣಿಸಿತು.

ಪ್ರೇಮಚಂದರು ಸಹ ೧೮೬೬ರಲ್ಲಿ ದಿವಾಳಿಯ ಸ್ಥಿತಿಗೆ ಬಂದರು. ಅವರ ಆಧಾರದ ಮೇಲೆ ನಡೆದಿದ್ದ ಏಶಿಯಾಟಿಕ್ ಬ್ಯಾಂಕು ಅದೇ ವರ್ಷ ಬಾಗಿಲು ಮುಚ್ಚಿತು. ನಿನ್ನೆ ಅವರ ಕಾಲು ಹಿಡಿದವರೇ ಇಂದು ಅವರನ್ನು ಶಪಿಸಿದರು. ಆದರೆ ಅವರು ಊರು ಬಿಟ್ಟು ಓಡಲಿಲ್ಲ. ಆಸ್ತಿಯನ್ನು ಸಾಲಗಾರರಿಗೆ ಬಿಟ್ಟುಕೊಟ್ಟು, ತಾವು ಬೆಳೆದ ಬೀದಿಯಲ್ಲಿಯೇ ಮತ್ತೆ ದಲಾಲಿಯ ಕೆಲಸಕ್ಕೆ ನಿಂತರು. ಆ ಮೇಲೆ ಅವರು ನಾಲ್ಕು ದಶಕಗಳ ಕಾಲ ಬದುಕಿದರು. ಪೇಟೆಯಲ್ಲಿ ಮಾನವನ್ನು ತಿರುಗಿ ಪಡೆದರು. ಹಳೆಯ ದರ್ಬಾರು ಮಾತ್ರ ಮರಳಿ ಬರಲಿಲ್ಲ.

ಅವರ ದಾನಗಳನ್ನು ಕುರಿತು ಇಲ್ಲಿ ಹೇಳಬೇಕು. ೧೮೬೪ರಲ್ಲಿ, ಉಬ್ಬರದ ಶಿಖರದಲ್ಲಿದ್ದಾಗ, ಮುಂಬಯಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆಂದು ೨ ಲಕ್ಷ ರೂಪಾಯಿಗಳನ್ನೂ, ತಾಯಿಯ ಹೆಸರಿನ ಗಡಿಯಾರದ ಗೋಪುರಕ್ಕೆಂದು ಮತ್ತೆ ೨ ಲಕ್ಷವನ್ನೂ ಕೊಟ್ಟಿದ್ದರು. ಹಗಲಿರುವಾಗಲೇ ಊಟ ಮುಗಿಸಬೇಕೆಂಬ ಜೈನವ್ರತವನ್ನು ಹಿಡಿದ ಅಂಧಮಾತೆಗೆ ಗಂಟೆಯ ನಾದದಿಂದ ಹೊತ್ತು ತಿಳಿಯಲೆಂಬ ಆಶಯವು ಅದರಲ್ಲಿತ್ತೆಂದು ಜನವಾರ್ತೆ ಇದೆ. ೧೮೬೯ರಲ್ಲಿ ಆರಂಭವಾದ ಆ ಕಟ್ಟಡವು ೧೮೭೮ರಲ್ಲಿ ಮುಗಿಯಿತು. ಗೋಪುರದ ಎತ್ತರ ೨೮೦ ಅಡಿ. ಧಾರವಾಡ ಬೆಳಗಾವಿಗಳ ಕನ್ನಡ ವಿದ್ಯಾರ್ಥಿಗಳು ೧೯೪೯ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಹುಟ್ಟುವ ವರೆಗೂ ಪದವಿಗಾಗಿ ಆಶ್ರಯಿಸಿದ್ದು ಇದೇ ಮುಂಬಯಿ ವಿಶ್ವವಿದ್ಯಾಲಯವನ್ನು. ಕಲಕತ್ತೆಯ ವಿಶ್ವವಿದ್ಯಾಲಯಕ್ಕೂ ಪ್ರೇಮಚಂದರು ೨ ಲಕ್ಷ ಕೊಟ್ಟರು. ಅದರಿಂದ ಹುಟ್ಟಿದ ವಿದ್ಯಾರ್ಥಿವೇತನವನ್ನು ಆಶುತೋಷ ಮುಖರ್ಜಿ, ಜದುನಾಥ ಸರಕಾರ, ಮೇಘನಾದ ಸಹಾ ಮೊದಲಾದವರು ಪಡೆದರು. ಅವರು ಕಟ್ಟಿದ ಕಂಪನಿಗಳು ಗಾಳಿಗೆ ಹೋದವು. ಕೈಯೆತ್ತಿ ಕೊಟ್ಟ ಹಣವು ಮಾತ್ರ ಕಲ್ಲಾಗಿ, ವಿದ್ಯೆಯಾಗಿ ನಿಂತಿರುವದು.

೧೮೭೫ರ ಜುಲೈ ೯ರಂದು ಮುಂಬಯಿಯ ದೇಶೀಯ ದಲಾಲರು ತಮ್ಮ ಸಂಘವನ್ನು ಸ್ಥಾಪಿಸಿದರು. ಪ್ರವೇಶಕ್ಕೆ ಶುಲ್ಕ ಒಂದು ರೂಪಾಯಿ. ಸೇರಿದವರು ೩೧೮ ಜನರು. ಅದೇ ಇಂದಿನ ಮುಂಬಯಿ ಶೇರುಪೇಟೆ. ಅದರ ಸ್ಥಾಪಕರೊಳಗೆ ಪ್ರೇಮಚಂದರೂ ಒಬ್ಬರು. ವ್ಯವಹಾರಕ್ಕೆ ನಿಯಮವೂ, ನಿಯಮಕ್ಕೆ ಸಂಘವೂ ಬೇಕೆಂಬುದನ್ನು ಅವರಿಗಿಂತ ಹೆಚ್ಚಿನ ಬೆಲೆ ತೆತ್ತು ಕಲಿತವರು ಯಾರು? ೧೯೦೬ರ ಆಗಸ್ಟ್ ೩೧ರಂದು ಅವರು ತೀರಿಕೊಂಡರು. ೧೯೦೧ರ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ದಿನಶಾ ವಾಚ್ಛಾ ಅವರು ಆ ಉಬ್ಬರದ ಇತಿಹಾಸವನ್ನೂ ಪ್ರೇಮಚಂದರ ಜೀವನವನ್ನೂ ಗ್ರಂಥರೂಪದಲ್ಲಿ ಬರೆದಿಟ್ಟಿರುವರು.

ಈ ಚರಿತ್ರವು ಹಳೆಯ ಕಥೆಯೆಂದು ವಾಚಕರು ಪುಟವನ್ನು ಮಗುಚದಿರಲಿ. ಫ್ಯೂಚರ್ಸ್, ಆಪ್ಷನ್ಸ್ ಎಂದು ಇಂದು ಕರೆಯಲ್ಪಡುವ ವ್ಯವಹಾರಗಳು ಆ ವಾಯಿದೆಯ ಮಕ್ಕಳೇ. ಶೇರುಪೇಟೆಯ ನಿಯಂತ್ರಣ ಮಂಡಳಿಯಾದ ಸೆಬಿಯು ೨೦೨೪ರ ಸಪ್ಟಂಬರದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅದಕ್ಕೆ ಹಿಂದಿನ ಮೂರು ಆರ್ಥಿಕ ವರ್ಷಗಳಲ್ಲಿ ಇಂತಹ ವ್ಯವಹಾರಕ್ಕೆ ಕೈಹಾಕಿದ ಒಂದು ಕೋಟಿಗೂ ಮಿಕ್ಕಿದ ಬಿಡಿ ಜನರಲ್ಲಿ ನೂರಕ್ಕೆ ೯೩ ಮಂದಿ ನಷ್ಟ ಹೊಂದಿದರು. ಒಟ್ಟು ನಷ್ಟವು ೧.೮ ಲಕ್ಷ ಕೋಟಿ ರೂಪಾಯಿಗಳನ್ನು ಮೀರಿತು. ಇಂದಿನ ಪೇಟೆಯಲ್ಲಿ ಮುಂಗಡ ಹಣದ ನಿಯಮಗಳಿವೆ, ಮೇಲ್ವಿಚಾರಣೆಯಿದೆ. ೧೮೬೫ರಂತೆ ಇಡೀ ಪಟ್ಟಣವೇ ಮುಳುಗುವ ಭಯ ಕಡಿಮೆ. ಆದರೆ ಮನೆಯೊಂದು ಮುಳುಗಲು ಪಟ್ಟಣವು ಮುಳುಗಬೇಕಾಗಿಲ್ಲ.

ಶೇರನ್ನು ಕೊಳ್ಳುವದೇ ಪಾಪವೆಂದು ನಾವು ಹೇಳುವದಿಲ್ಲ. ಉದ್ಯೋಗಗಳಿಗೆ ಬಂಡವಾಳವು ಬೇಕು. ಅದರ ಲಾಭದಲ್ಲಿ ಮಧ್ಯಮವರ್ಗದವರಿಗೂ ಪಾಲು ದೊರೆಯುವದು ನ್ಯಾಯವೇ. ಬೆಲೆ ತೆತ್ತು ಕೊಂಡ ಒಳ್ಳೆಯ ಕಂಪನಿಯ ಶೇರನ್ನು ಇಟ್ಟುಕೊಂಡವನು ಕೆಟ್ಟ ಕಾಲ ಕಳೆಯುವ ವರೆಗೆ ಕಾಯಬಲ್ಲನು. ಸಾಲದಿಂದ ಕೊಂಡವನಿಗೂ ವಾಯಿದೆಗೆ ಒಪ್ಪಿದವನಿಗೂ ಕಾಯುವ ಅಧಿಕಾರವಿಲ್ಲ. ಅವನ ದಿನವನ್ನು ಬೇರೊಬ್ಬರು ಗೊತ್ತುಮಾಡಿರುತ್ತಾರೆ. ಪ್ರೇಮಚಂದರಂತಹ ಚತುರರಿಗೇ ಆ ದಿನವನ್ನು ಒಂದು ಹೊತ್ತು ಮುಂದೂಡಲಾಗಲಿಲ್ಲ.

ಪ್ರೇಮಚಂದರು ತೀರಿಕೊಂಡ ವರ್ಷದಲ್ಲಿಯೇ ನಮ್ಮ ಕರಾವಳಿಯಲ್ಲಿ ಬೇರೊಂದು ರೀತಿಯ ಕೆಲಸವು ಆರಂಭವಾಯಿತು. ೧೯೦೬ರ ಮಾರ್ಚಿನಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಶನ್ ಬ್ಯಾಂಕಿನ ಬೀಜವನ್ನು ಬಿತ್ತಿದರು. ಮಂಗಳೂರಿನಲ್ಲಿ ವಕೀಲರಾದ ಅಮ್ಮೆಂಬಳ ಸುಬ್ಬರಾವ ಪೈಗಳು ಸಣ್ಣ ಜನರ ಉಳಿತಾಯವನ್ನು ಕೂಡಿಸಿ ಒಂದು ಫಂಡನ್ನು ಸ್ಥಾಪಿಸಿದರು. ಅದೇ ಇಂದಿನ ಕೆನರಾ ಬ್ಯಾಂಕು. ಅದು ಆರಂಭವಾದದ್ದು ಜುಲೈ ೧ರಂದು. ಮುಂಬಯಿಯ ಆ ದುರ್ದಿನಕ್ಕೆ ಸರಿಯಾಗಿ ೪೧ ವರ್ಷಗಳ ತರುವಾಯ. ಮನೆಯ ಖರ್ಚು ಕಳೆದು ಉಳಿದುದರಲ್ಲಿ ಮೊದಲು ಆಪತ್ತಿಗೆ, ಆ ಮೇಲೆ ಮಕ್ಕಳ ವಿದ್ಯೆಗೆ, ಅದರ ಮೇಲೆ ಮಿಕ್ಕುದನ್ನು ಮಾತ್ರ ಪೇಟೆಗೆ ಎಂಬ ಕ್ರಮವನ್ನು ಹಿಡಿದ ಗೃಹಸ್ಥನು ರಾತ್ರಿ ನಿದ್ದೆ ಮಾಡುವನು. ಶೇರನ್ನು ಕೊಳ್ಳುವ ಮುನ್ನ ಬೆಲೆಯು ಎಷ್ಟಕ್ಕೆ ಏರೀತೆಂದು ಕೇಳುವದು ಸಹಜ. ಇಳಿದರೆ ಯಾವ ದಿನ, ಯಾರಿಗೆ, ಎಷ್ಟು ಕೊಡಬೇಕಾಗುವದೆಂಬುದನ್ನು ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕೆಂದು ನಮ್ಮ ವಾಚಕರಲ್ಲಿ ಬಿನ್ನಹ.