ಗಾಯ ಕೊಳೆಯುವದೂ ಜೋಸೆಫ್ ಲಿಸ್ಟರನೂ

ಗಾಯವಾದ ಸ್ಥಳದ ಚರ್ಮವೂ ಮಾಂಸವೂ ಕಪ್ಪಾಗಿ ಸತ್ತು ನಾರಲಾರಂಭಿಸಿದರೆ ಮನೆಯವರಿಗೆ ಎಂಥ ಭಯವುಂಟಾಗುತ್ತದೆಂಬದನ್ನು ನಮ್ಮ ವಾಚಕರು ಬಲ್ಲರು. 1860ಕ್ಕೆ ಮುಂಚೆ ಯೂರೋಪಿನ ದೊಡ್ಡ ಆಸ್ಪತ್ರೆಗಳಲ್ಲಿಯೂ ಇದೇ ಭಯವಿತ್ತು. ಶಸ್ತ್ರವೈದ್ಯನು ಎಷ್ಟು ಜಾಣತನದಿಂದ ಕೊಯ್ದು ಕಟ್ಟಿದರೂ ಕೆಲವು ದಿವಸಗಳಲ್ಲಿ ಗಾಯವು ಕೊಳೆತು ರೋಗಿಯು ಸಾಯುವದು ಸಾಮಾನ್ಯವಾಗಿತ್ತು. ಕೆಟ್ಟ ಗಾಳಿಯೇ ಇದಕ್ಕೆ ಕಾರಣವೆಂದು ಹೆಚ್ಚಿನವರು ನಂಬಿದ್ದರು. ಆ ನಂಬಿಕೆಯನ್ನು ಕೆಡವಿದವನ ಚರಿತ್ರೆಯನ್ನು ಇಲ್ಲಿ ಬರೆಯುತ್ತೇವೆ.

ಜೋಸೆಫ್ ಲಿಸ್ಟರನು 1827ನೇ ಇಸವಿ ಎಪ್ರಿಲ್ 5ರಂದು ಇಂಗ್ಲೆಂಡಿನ ಅಪ್ಟನ್ ಎಂಬಲ್ಲಿ ಕ್ವೇಕರ್ ಪಂಗಡದ ಕುಟುಂಬದಲ್ಲಿ ಹುಟ್ಟಿದನು. ತಂದೆಯು ದ್ರಾಕ್ಷಾರಸದ ವರ್ತಕನಾಗಿದ್ದರೂ ಸೂಕ್ಷ್ಮದರ್ಶಕ ಯಂತ್ರದ ಗಾಜುಗಳನ್ನು ಉತ್ತಮಪಡಿಸಿ ವಿದ್ವಾಂಸರಲ್ಲಿ ಹೆಸರು ಪಡೆದಿದ್ದನು. ಮಗನು ಆ ಯಂತ್ರದೊಂದಿಗೇ ಬೆಳೆದನೆನ್ನಬಹುದು.

ಲಂಡನಿನ ಆಸ್ಪತ್ರೆಯೊಂದರಲ್ಲಿ ಆತನು ಎಳೆಯ ವೈದ್ಯನಾಗಿದ್ದಾಗ ಅಲ್ಲಿ ಗಾಯ ಕೊಳೆಯುವ ರೋಗವು ಹರಡಿತು. ಲಿಸ್ಟರನು ಸತ್ತ ಮಾಂಸವನ್ನು ಕೆರೆದು ತೆಗೆದು, ಪಾದರಸದ ಉರಿಯುವ ಔಷಧವನ್ನು ಹಚ್ಚಿದನು. ಹೆಚ್ಚಿನವರ ಹುಣ್ಣುಗಳು ಕೆಂಪೇರಿ ಮಾಗತೊಡಗಿದವು. ಗಾಯವನ್ನು ಶುದ್ಧಮಾಡಿದ ಮಾತ್ರಕ್ಕೆ ರೋಗವು ನಿಲ್ಲುವದಾದರೆ ಅದರ ಕಾರಣವು ಆ ಗಾಯದಲ್ಲಿಯೇ ಇರಬೇಕಲ್ಲವೇ? ಈ ಸಂಶಯವು ಆತನನ್ನು ಬಿಡಲಿಲ್ಲ.

ಮುಂದೆ ಆತನು ಎಡಿನ್‌ಬರೋ ಪಟ್ಟಣದಲ್ಲಿ ಪ್ರಸಿದ್ಧ ಶಸ್ತ್ರವೈದ್ಯನಾದ ಸೈಮನ ಶಿಷ್ಯನಾಗಿ, 1856ರಲ್ಲಿ ಅವನ ಮಗಳಾದ ಆಗ್ನೆಸಳನ್ನು ಮದುವೆಯಾದನು. ಆಕೆಯು ಗಂಡನ ಪರೀಕ್ಷೆಗಳ ವಿವರಗಳನ್ನು ಬರೆದಿಡುತ್ತಾ ಬಾಳಿನುದ್ದಕ್ಕೂ ನೆರವಾದಳು. 1860ರಲ್ಲಿ ಆತನು ಗ್ಲಾಸ್ಗೋವಿಗೆ ಹೋದನು. ಪದಾರ್ಥಗಳು ಕೊಳೆಯುವದಕ್ಕೆ ಕಣ್ಣಿಗೆ ಕಾಣದ ಜೀವಿಗಳೇ ಕಾರಣವೆಂದು ಫ್ರಾನ್ಸ್ ದೇಶದ ಪಾಸ್ಚರನು ತೋರಿಸಿದ್ದನ್ನು ಅಲ್ಲಿ ಓದಿದಾಗ ಹಳೆಯ ಸಂಶಯಕ್ಕೆ ಉತ್ತರವು ಸಿಕ್ಕಿತು. ಕಾರ್ಲೈಲ್ ಊರಿನ ಚರಂಡಿಯ ಕೊಳಚೆಗೆ ಕಾರ್ಬಾಲಿಕ್ ಆಮ್ಲವನ್ನು ಹಾಕಿ ದುರ್ವಾಸನೆಯನ್ನು ತಡೆಯುತ್ತಾರೆಂದು ಕೇಳಿ ಅದನ್ನೇ ಗಾಯಕ್ಕೆ ಉಪಯೋಗಿಸಲು ನಿಶ್ಚಯಿಸಿದನು.

ಮೊದಲನೆಯ ಪ್ರಯತ್ನವು ವ್ಯರ್ಥವಾಯಿತು. 1865ನೇ ಅಗೋಸ್ತಿನಲ್ಲಿ ಹನ್ನೊಂದು ವರುಷದ ಜೇಮ್ಸ್ ಎಂಬ ಹುಡುಗನ ಕಾಲಿನ ಮೇಲೆ ಬಂಡಿಯ ಗಾಲಿಯು ಹರಿದು, ಎಲುಬು ಮುರಿದು ಚರ್ಮವು ಸೀಳಿತು. ಇಂಥ ಕಾಲನ್ನು ಆಗ ಅನೇಕ ವೇಳೆ ಕತ್ತರಿಸಿಯೇ ಬಿಡುತ್ತಿದ್ದರು. ಲಿಸ್ಟರನು ಆಮ್ಲದಲ್ಲಿ ನೆನೆಸಿದ ಬಟ್ಟೆಯನ್ನಿಟ್ಟು ಕಟ್ಟಿದನು. ನಾಲ್ಕು ದಿವಸಗಳ ಮೇಲೆ ಬಿಚ್ಚಿದಾಗ ಕೊಳೆತ ವಾಸನೆಯೇ ಇರಲಿಲ್ಲ! ಆದರೆ ತೀಕ್ಷ್ಣವಾದ ಆಮ್ಲವು ಚರ್ಮವನ್ನೇ ಉರಿಸುತ್ತಿತ್ತು. ಆದದರಿಂದ ನೀರನ್ನೂ ಎಣ್ಣೆಯನ್ನೂ ಬೆರೆಸಿ ಅದನ್ನು ಸೌಮ್ಯಪಡಿಸಿದನು. ಆರು ವಾರಗಳಲ್ಲಿ ಎಲುಬು ಕೂಡಿತು. ಹುಡುಗನ ಕಾಲು ಉಳಿಯಿತು.

ರಕ್ತವು ಹರಿಯದೆ ಹೋದ ಇಲ್ಲವೆ ಜಜ್ಜಿಹೋದ ಮಾಂಸವು ಸಾಯುತ್ತದೆ. ಅದು ಕ್ರಿಮಿಗಳಿಗೆ ಆಹಾರವಾಗಿ, ಅವುಗಳ ವಿಷವು ಪಕ್ಕದ ಜೀವವುಳ್ಳ ಮಾಂಸವನ್ನೂ ಕೊಲ್ಲುತ್ತದೆ. ಆದದರಿಂದ ಈಗಿನ ವೈದ್ಯರೂ ಸತ್ತದ್ದನ್ನು ತೆಗೆದು ತೊಳೆದ ಮೇಲೆಯೇ ಕಟ್ಟುತ್ತಾರೆ. ಕಾರ್ಬಾಲಿಕ್ ಆಮ್ಲವನ್ನು ಮಾತ್ರ ಗಾಯಕ್ಕೆ ಹಾಕುವದಿಲ್ಲ. ಗಾಯಕ್ಕೆ ಸೆಗಣಿಯನ್ನು ಮೆತ್ತುವವರು ಕ್ರಿಮಿಗಳಿಗೆ ತಾವೇ ಬಾಗಿಲು ತೆರೆಯುತ್ತಾರೆ.

ಮೊದಲು ಲಿಸ್ಟರನು ಕೈಕಾಲು ಕತ್ತರಿಸಿದ 35 ಮಂದಿಯಲ್ಲಿ 16 ಮಂದಿ ಸತ್ತಿದ್ದರು. ಹೊಸ ಕ್ರಮದ ಮೇಲೆ 40ರಲ್ಲಿ 6 ಮಂದಿ ಮಾತ್ರ. ಹೀಗಿದ್ದರೂ ಲಂಡನಿನ ಅನೇಕ ವೈದ್ಯರು ಬಹುಕಾಲ ನಂಬಲಿಲ್ಲ. ಗಾಳಿಯಲ್ಲಿ ಆಮ್ಲವನ್ನು ಸಿಂಪಡಿಸುವ ತನ್ನದೇ ಪದ್ಧತಿಯು ಬೇಡವೆಂದು ಕಂಡಾಗ ಆತನು ಅದನ್ನು ಬಿಟ್ಟುಬಿಟ್ಟನು. ಈ ಗುಣವನ್ನು ನಾವು ಆತನ ಕೀರ್ತಿಗಿಂತ ದೊಡ್ಡದೆಂದೆಣಿಸುತ್ತೇವೆ.

ಆಗ್ನೆಸಳು 1893ರಲ್ಲಿ ತೀರಿಹೋದಳು. ಲಿಸ್ಟರನು 1912ನೇ ಫೆಬ್ರವರಿ 10ರಂದು ಮೃತನಾದನು. ಆತನ ಇಷ್ಟದಂತೆ ಹೆಂಡತಿಯ ಮಗ್ಗುಲಲ್ಲಿಯೇ ಹೂಣಿಟ್ಟರು.