ಊರೂರು ಅಲೆದ ಮ್ಯಾಕ್ಸಿಂ ಗಾರ್ಕಿ



ರಷ್ಯಾ ದೇಶದ ದೊಡ್ಡ ಲೇಖಕರಾದ ಮ್ಯಾಕ್ಸಿಂ ಗಾರ್ಕಿಯವರು ತಮ್ಮ ಚಿಕ್ಕಂದಿನ ಕಥೆಯನ್ನು ಮೂರು ಪುಸ್ತಕಗಳಲ್ಲಿ ಬರೆದಿದ್ದಾರೆ. ಮೇಷ್ಟ್ರು ಕೊಟ್ಟರು ಅಂತ ರಜೆಯಲ್ಲಿ ಓದಿದೆನು. ಓದುವಾಗ ನನಗೂ ಶಾಲೆ ಬಿಟ್ಟು ಊರೂರು ತಿರುಗಬೇಕು ಅನ್ನಿಸಿತು. ಪೂರ್ತಿ ಓದಿದ ಮೇಲೆ ಹಾಗೆ ಅನ್ನಿಸಲಿಲ್ಲ. ಯಾಕೆ ಅಂತ ಹೇಳುತ್ತೇನೆ.

ಇವರ ನಿಜವಾದ ಹೆಸರು ಅಲೆಕ್ಸಿ ಪೆಷ್ಕೋವ್. 1868ರಲ್ಲಿ ವೋಲ್ಗಾ ನದಿ ದಂಡೆಯ ನಿಜ್ನಿ ನೊವ್‌ಗೊರೊದ್ ಎಂಬ ಊರಿನಲ್ಲಿ ಜನಿಸಿದರು. ಮೂರು ವರ್ಷದವರಿದ್ದಾಗ ತಂದೆ ಕಾಲರಾ ಬಂದು ತೀರಿಕೊಂಡರು. ಬಟ್ಟೆಗೆ ಬಣ್ಣ ಹಾಕಿಸುವ ಅಜ್ಜನ ಮನೆಯಲ್ಲಿ ಬೆಳೆದರು. ಅಜ್ಜ ಬಹಳ ಹೊಡೆಯುತ್ತಿದ್ದ. ಅಜ್ಜಿ ಚೆಂದದ ಕಥೆ ಹೇಳುತ್ತಿದ್ದಳು. 1879ರಲ್ಲಿ ತಾಯಿಯೂ ತೀರಿಕೊಂಡರು. ಆಗ ಅಜ್ಜ ಈ ಹನ್ನೊಂದು ವರ್ಷದ ಹುಡುಗನನ್ನು ದುಡಿಯಲು ಕಳಿಸಿಬಿಟ್ಟ. ಶಾಲೆ ಅಲ್ಲಿಗೇ ಮುಗಿಯಿತು.

ಮೊದಲು ಬೂಟಿನ ಅಂಗಡಿ ಕೆಲಸ. ಅಲ್ಲಿ ಬಿಸಿ ಸಾರು ಚೆಲ್ಲಿ ಕೈ ಸುಟ್ಟುಕೊಂಡರು. ಆಮೇಲೆ ವೋಲ್ಗಾ ನದಿಯ ಹಡಗಿನಲ್ಲಿ ಪಾತ್ರೆ ತೊಳೆದರು. ಹಡಗಿನ ಅಡುಗೆಯವನಾದ ಸ್ಮೂರಿಯ ಹತ್ತಿರ ಪೆಟ್ಟಿಗೆ ತುಂಬ ಪುಸ್ತಕ ಇದ್ದವು. ಅವನು ಇವರಿಂದ ಗಟ್ಟಿಯಾಗಿ ಓದಿಸುತ್ತಿದ್ದ. ಹೀಗೆ ಓದುವ ಹುಚ್ಚು ಹತ್ತಿತು. ಕೆಲಸದ ಮನೆಯಲ್ಲಿ ರಾತ್ರಿ ಓದಲು ದೀಪ ಕೊಡುತ್ತಿರಲಿಲ್ಲ. ಒಂದು ಸಲ ತಾಮ್ರದ ಪಾತ್ರೆ ಹಿಡಿದು ಬೆಳದಿಂಗಳನ್ನು ಪುಸ್ತಕದ ಮೇಲೆ ಬೀಳಿಸಲು ನೋಡಿದರು. ಆದರೆ ಅಕ್ಷರ ಕಾಣಲಿಲ್ಲ.

1884ರಲ್ಲಿ ವಿಶ್ವವಿದ್ಯಾಲಯ ಸೇರುವ ಆಸೆಯಿಂದ ಕಜಾನ್ ನಗರಕ್ಕೆ ಹೋದರು. ಬಡವರಾದ್ದರಿಂದ ಸೇರಲು ಆಗಲಿಲ್ಲ. ಹೊಳೆ ದಂಡೆಯಲ್ಲಿ ಮೂಟೆ ಹೊತ್ತರು, ಬೇಕರಿಯಲ್ಲಿ ಹಿಟ್ಟು ನಾದಿದರು. ಮೂರನೇ ಪುಸ್ತಕಕ್ಕೆ 'ನನ್ನ ವಿಶ್ವವಿದ್ಯಾಲಯಗಳು' ಅಂತ ಹೆಸರಿಟ್ಟಿದ್ದು ಇದಕ್ಕೇ.

ಅನ್ಯಾಯ ಕಂಡರೆ ಇವರು ಸುಮ್ಮನಿರುತ್ತಿರಲಿಲ್ಲ. 1889ರಲ್ಲಿ ಪೊಲೀಸರು ಹಿಡಿದು ಜೈಲಿಗೆ ಹಾಕಿದರು. 1891ರಲ್ಲಿ ಊರು ಬಿಟ್ಟು ಕಾಲ್ನಡಿಗೆಯಲ್ಲಿ ಹೊರಟೇಬಿಟ್ಟರು. ದೋನ್ ನದಿ, ಉಕ್ರೇನ್, ಕ್ರಿಮಿಯಾ ಎಲ್ಲಾ ಸುತ್ತಿ ಕಾಕಸಸ್ ಬೆಟ್ಟಗಳ ಸೀಮೆಗೆ ಬಂದರು. ದಾರಿಯಲ್ಲಿ ಒಂದು ಹಳ್ಳಿಯಲ್ಲಿ ಒಬ್ಬ ಹೆಂಗಸನ್ನು ಎಲ್ಲರೆದುರು ಹೊಡೆಯುತ್ತಿದ್ದರು. ಬಿಡಿಸಲು ಹೋಗಿ ತಾವೇ ಸಾಯುವ ಹಾಗೆ ಪೆಟ್ಟು ತಿಂದರು. 1892ರಲ್ಲಿ ತಿಫ್ಲಿಸ್ ನಗರದಲ್ಲಿ ಮೊದಲ ಕಥೆ ಅಚ್ಚಾಯಿತು. ಅದಕ್ಕೆ ಗಾರ್ಕಿ ಎಂದು ಹೆಸರು ಹಾಕಿದರು. ಗಾರ್ಕಿ ಎಂದರೆ ಕಹಿ ಎಂದು ಅರ್ಥ. ಮುಂದೆ 'ತಾಯಿ' ಕಾದಂಬರಿ ಬರೆದು ಲೋಕಪ್ರಸಿದ್ಧರಾದರು. 1936ರಲ್ಲಿ ತೀರಿಕೊಂಡರು. ಅವರು ಹುಟ್ಟಿದ ಊರಿಗೆ 1932ರಿಂದ 1990ರವರೆಗೆ ಗಾರ್ಕಿ ಎಂದೇ ಹೆಸರಿತ್ತು.

ಶಾಲೆ ಇಲ್ಲದೆಯೇ ಇಷ್ಟು ದೊಡ್ಡವರಾದರಲ್ಲ, ನಮಗ್ಯಾಕೆ ಶಾಲೆ ಅಂತ ನಮ್ಮ ಕ್ಲಾಸಿನಲ್ಲಿ ಕೆಲವರು ಅಂದರು. ಆದರೆ ಗಾರ್ಕಿ ಶಾಲೆ ಬೇಡ ಅಂತ ಅಲೆಯಲಿಲ್ಲ. ಬೇಕು ಅಂದರೂ ಸಿಗಲಿಲ್ಲ, ಅದಕ್ಕೇ ಅಲೆದರು.

ನನ್ನ ಬೆಂಚಿನ ಗೆಳೆಯ ದಸರಾ ರಜೆ ಆದಮೇಲೆ ಬರಲೇ ಇಲ್ಲ. ಪೇಟೆಯ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದಾನೆ. ಅಲ್ಲಿ ಸ್ಮೂರಿಯಂಥವನು ಇದ್ದಾನೋ ಇಲ್ಲವೋ. ಗುರುಗಳು ಒಂದು ಸಲ ಅವರ ಅಪ್ಪನ ಹತ್ತಿರ ಮಾತಾಡಬೇಕೆಂದು ಕೇಳಿಕೊಳ್ಳುತ್ತೇನೆ. ಅವನ ಜಾಗ ಹಾಗೇ ಇಟ್ಟಿದ್ದೇನೆ.

— 7ನೇ ತರಗತಿ ವಿದ್ಯಾರ್ಥಿ