ವೆಂಗಿನಾಡಿನ ಕುಲದೀಪ: ಆದಿಕವಿ ಪಂಪ

ಕನ್ನಡದ ಆದಿಕವಿಯೆಂದು ನಾವೆಲ್ಲರೂ ಹೆಮ್ಮೆಯಿಂದ ಹೆಸರಿಸುವ ಪಂಪನ ಪಿತೃಮೂಲವು ಕರ್ನಾಟಕದ್ದಲ್ಲ. ನಾವು ಅನ್ನ ಸಂಪಾದಿಸುತ್ತಿರುವ ಈ ಆಂಧ್ರ ದೇಶದ್ದೇ ಎಂಬ ಸಂಗತಿಯು ನಮ್ಮ ವಾಚಕರಲ್ಲಿ ಕೆಲವರಿಗೆ ಆಶ್ಚರ್ಯವನ್ನುಂಟುಮಾಡಬಹುದು. ಗವರ್ನರ್‌ಪೇಟೆಯಿಂದ ಸುಮಾರು 60 ಕಿಲೋಮೀಟರು ದೂರದಲ್ಲಿ ಏಲೂರು. ಅದರ ಉತ್ತರಕ್ಕೆ ಪೆದವೇಗಿ. ಇಂದು ಹಳ್ಳಿಯಾಗಿರುವ ಇದೇ ಒಂದು ಕಾಲಕ್ಕೆ ವೆಂಗಿ ರಾಜ್ಯಕ್ಕೆ ಹೆಸರು ಕೊಟ್ಟ ರಾಜಧಾನಿ. ಆ ವೆಂಗಿನಾಡಿನಲ್ಲಿಯೇ ಪಂಪನ ಹಿರಿಯರು ಬಾಳಿದರು.

ಕೃಷ್ಣಾ ಗೋದಾವರಿಗಳ ನಡುವಣ ಈ ಭೂಮಿಯು ಧರ್ಮಗಳ ಸಂಗಮಸ್ಥಾನವಾಗಿತ್ತು. ಅಮರಾವತಿಯ ಸ್ತೂಪ, ಗುಂಟುಪಲ್ಲಿಯ ಗುಹಾಚೈತ್ಯಗಳು ಬೌದ್ಧರ ವೈಭವಕ್ಕೆ ಸಾಕ್ಷಿ. ಏಳನೆಯ ಶತಮಾನದಲ್ಲಿ ಬಾದಾಮಿಯ ಇಮ್ಮಡಿ ಪುಲಕೇಶಿಯು ಈ ನಾಡನ್ನು ಗೆದ್ದು, ತನ್ನ ತಮ್ಮನಾದ ಕುಬ್ಜ ವಿಷ್ಣುವರ್ಧನನಿಗೆ ಒಪ್ಪಿಸಿದನು. ಆತನ ರಾಣಿ ಅಯ್ಯಣ ಮಹಾದೇವಿಯು ನಮ್ಮ ಈ ಬೆಜವಾಡದಲ್ಲಿಯೇ ಜೈನ ಬಸದಿಯೊಂದಕ್ಕೆ ದಾನವಿತ್ತಳೆಂದು ತಾಮ್ರಶಾಸನವು ತಿಳಿಸುತ್ತದೆ. ಹೀಗೆ ವೈದಿಕರ ಯಜ್ಞಶಾಲೆ, ಬೌದ್ಧರ ವಿಹಾರ, ಜೈನರ ಬಸದಿ ಇವು ಮೂರೂ ಒಂದೇ ನದಿಯ ನೀರನ್ನು ಕುಡಿದು ಬೆಳೆದವು.

ಪಂಪನ ಪೂರ್ವಜನಾದ ಮಾಧವ ಸೋಮಯಾಜಿಯು ಅನೇಕ ಯಜ್ಞಗಳನ್ನು ಮಾಡಿದ ಶ್ರೀವತ್ಸಗೋತ್ರದ ಬ್ರಾಹ್ಮಣ. ಆತನ ವಂಶದಲ್ಲಿ ಅಭಿಮಾನಚಂದ್ರ ಮೊದಲಾದವರು ಆಗಿಹೋದ ಮೇಲೆ ಹುಟ್ಟಿದವನು ಪಂಪನ ತಂದೆ ಭೀಮಪಯ್ಯ; ಅಭಿರಾಮದೇವರಾಯನೆಂದೂ ಹೆಸರು. ಬ್ರಾಹ್ಮಣಕುಲಕ್ಕೆ ತಕ್ಕ ಧರ್ಮವು ಜಿನಧರ್ಮವೇ ಎಂದು ದೃಢವಾಗಿ ನಂಬಿ ಆತನು ಜೈನನಾದನು. ತಾಯಿ ಅಬ್ಬಣಬ್ಬೆಯು ಧಾರವಾಡ ಸೀಮೆಯ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ತಂದೆಯ ಕಡೆ ವೆಂಗಿ, ತಾಯಿಯ ಕಡೆ ಬೆಳ್ವೊಲ; ಹಿರಿಯರ ಧರ್ಮ ವೈದಿಕ, ತಂದೆಯು ಆರಿಸಿಕೊಂಡ ಧರ್ಮ ಜೈನ. ಈ ನಾಲ್ಕು ಎಳೆಗಳಿಂದ ನೆಯ್ದ ಮನೆತನದಲ್ಲಿ ಕ್ರಿ.ಶ. 902ರಲ್ಲಿ ಪಂಪನು ಜನಿಸಿದನು. ಈ ಮನೆತನವು ಕಮ್ಮೆ ಬ್ರಾಹ್ಮಣರದು. ಕರ್ನಾಟಕದಲ್ಲಿ ಇಂದಿಗೂ ಬಬ್ಬೂರುಕಮ್ಮೆ, ಉಲುಚುಕಮ್ಮೆ ಎಂಬ ಪಂಗಡಗಳಿರುವುದನ್ನು ವಾಚಕರು ಬಲ್ಲರು.

ದೇವೇಂದ್ರಮುನಿಯು ಪಂಪನ ಗುರು. ವೇಮುಲವಾಡದ ಚಾಲುಕ್ಯ ಅರಸನೂ ರಾಷ್ಟ್ರಕೂಟರ ಸಾಮಂತನೂ ಆದ ಇಮ್ಮಡಿ ಅರಿಕೇಸರಿಯು ಆಶ್ರಯದಾತ. ವೇಮುಲವಾಡವು ಇಂದು ತೆಲಂಗಾಣದ ರಾಜನ್ನ ಸಿರಿಸಿಲ್ಲ ಜಿಲ್ಲೆಯಲ್ಲಿದೆ. ಅಂತೂ ಕನ್ನಡದ ಮೊದಲ ಮಹಾಕಾವ್ಯಗಳಿಗೆ ಆಸರೆಯಾದ ಆಸ್ಥಾನವು ತೆಲುಗು ನೆಲದಲ್ಲಿತ್ತು. ಪಂಪನು ಮಾತ್ರ ತನ್ನ ಕಾವ್ಯದ ಭಾಷೆ ಪುಲಿಗೆರೆಯ, ಎಂದರೆ ಇಂದಿನ ಲಕ್ಷ್ಮೇಶ್ವರದ, ತಿರುಳ್ಗನ್ನಡವೆಂದು ಸಾರಿದನು. ಬನವಾಸಿಯ ತಂಗಾಳಿಗೆ ಹಂಬಲಿಸಿದ ಅವನ ಪದ್ಯಗಳನ್ನು ಓದಿ ಕಣ್ಣು ತೇವಗೊಳಿಸದ ಪರಊರಿನ ಕನ್ನಡಿಗನಿಲ್ಲ.

941ರಲ್ಲಿ ಪಂಪನು ಆದಿಪುರಾಣವನ್ನು ಮುಗಿಸಿದನು. ಜಿನಸೇನಾಚಾರ್ಯರ ಸಂಸ್ಕೃತ ಪೂರ್ವಪುರಾಣವನ್ನು ಅನುಸರಿಸಿ ಪ್ರಥಮ ತೀರ್ಥಂಕರನ ಭವಾವಳಿಯನ್ನೂ ಆತನ ಮಕ್ಕಳ ಕಥೆಯನ್ನೂ 16 ಆಶ್ವಾಸಗಳಲ್ಲಿ ಹೇಳಿದನು. ಸಭೆಯಲ್ಲಿ ನರ್ತಿಸುತ್ತಿದ್ದ ನೀಲಾಂಜನೆಯು ನೃತ್ಯದ ನಡುವೆಯೇ ಮಾಯವಾಗುತ್ತಾಳೆ; ಇಂದ್ರನು ಕ್ಷಣಮಾತ್ರದಲ್ಲಿ ಅಂತಹವಳನ್ನೇ ಇನ್ನೊಬ್ಬಳನ್ನು ನಿಲ್ಲಿಸುತ್ತಾನೆ. ಬೇರೆ ಯಾರಿಗೂ ತಿಳಿಯದ ಆ ಬದಲಾವಣೆಯು ಆದಿದೇವನೊಬ್ಬನಿಗೆ ತಿಳಿದು ವೈರಾಗ್ಯವುಂಟಾಗುತ್ತದೆ. ಭೂಮಂಡಲವನ್ನೇ ಗೆದ್ದ ಭರತ ಚಕ್ರವರ್ತಿಯು ವೃಷಭಾಚಲದ ಮೇಲೆ ತನ್ನ ಹೆಸರನ್ನು ಕೊರೆಯಿಸಲು ಹೋದರೆ, ಹಿಂದಿನ ಚಕ್ರವರ್ತಿಗಳ ಹೆಸರುಗಳಿಂದ ಬಂಡೆಯೆಲ್ಲ ತುಂಬಿ ಎಡೆಯೇ ಇರುವುದಿಲ್ಲ. ಒಂದು ಹೆಸರನ್ನು ಅಳಿಸಿಯೇ ತನ್ನದನ್ನು ಬರೆಯಿಸಬೇಕಾಗುತ್ತದೆ. ತಮ್ಮ ಬಾಹುಬಲಿಯಾದರೋ ಅಣ್ಣನನ್ನು ಗೆದ್ದೂ ರಾಜ್ಯವನ್ನು ಬಿಟ್ಟು ತಪಸ್ಸಿಗೆ ಹೊರಡುತ್ತಾನೆ. ಅಧಿಕಾರದ ಬಲದಿಂದ ಮೆರೆಯುವವರಿಗೆ ಇದಕ್ಕಿಂತ ಮಿಗಿಲಾದ ಪಾಠವುಂಟೆ?

ಇದೇ ಜೈನ ಕವಿಯು ವ್ಯಾಸಭಾರತವನ್ನು ಕೈಗೆತ್ತಿಕೊಂಡು ವಿಕ್ರಮಾರ್ಜುನ ವಿಜಯವನ್ನು 14 ಆಶ್ವಾಸಗಳಲ್ಲಿ ರಚಿಸಿದನು. ಇದೇ ಪಂಪಭಾರತ. ಒಂದು ಕಾವ್ಯವು ಜಿನಾಗಮವನ್ನು ಬೆಳಗುವುದಕ್ಕೆ, ಇನ್ನೊಂದು ಲೌಕಿಕವನ್ನು ಬೆಳಗುವುದಕ್ಕೆ ಎಂಬುದು ಅವನ ವಿಂಗಡಣೆ. ಪುರಾಣಕ್ಕೆ ಮೂರು ತಿಂಗಳು, ಭಾರತಕ್ಕೆ ಆರು ತಿಂಗಳು ಹಿಡಿಯಿತೆಂದು ಅವನೇ ಹೇಳಿಕೊಂಡಿದ್ದಾನೆ. ಅರಿಕೇಸರಿಯನ್ನೇ ಅರ್ಜುನನೆಂದು ಭಾವಿಸಿ ಬರೆದುದರಿಂದ ದ್ರೌಪದಿಯು ಅರ್ಜುನನೊಬ್ಬನ ಪತ್ನಿಯಾದಳು, ಕಡೆಯಲ್ಲಿ ಪಟ್ಟವು ಸುಭದ್ರೆಗೆ ಸಂದಿತು. ಇವು ಒಪ್ಪುವ ಮಾರ್ಪಾಡುಗಳೇ ಎಂದು ವಿದ್ವಾಂಸರು ಚರ್ಚಿಸುತ್ತಲೇ ಇದ್ದಾರೆ. ಆದರೆ ಒಡೆಯನನ್ನು ನಾಯಕನನ್ನಾಗಿಸಿದ ಕವಿಯು ಎದುರು ಪಕ್ಷದ ಕರ್ಣನಿಗೆ ಯಾರಿಗೂ ಕೊಡದಷ್ಟು ಹಿರಿಯ ಸ್ಥಾನವನ್ನು ಕೊಟ್ಟನು. ಉಪ್ಪಿನ ಋಣವನ್ನೂ ತೀರಿಸಿ ಸತ್ಯದ ಋಣವನ್ನೂ ಉಳಿಸಿಕೊಳ್ಳದ ಈ ಧೈರ್ಯವು ಆಸ್ಥಾನ ಕವಿಗಳಲ್ಲಿ ಅಪರೂಪ. ಈ ಕೃತಿಗೆ ಮೆಚ್ಚಿ ಅರಿಕೇಸರಿಯು ಧರ್ಮಪುರವೆಂಬ ಅಗ್ರಹಾರವನ್ನು ದತ್ತಿಯಾಗಿ ಕೊಟ್ಟನು.

ಇನ್ನು ಪಂಪನ ತಮ್ಮ ಜಿನವಲ್ಲಭನ ವಿಷಯ. ಕರೀಂನಗರ ಜಿಲ್ಲೆಯ ಕುರಿಕ್ಯಾಲದ ಬಳಿಯ ಬೊಮ್ಮಲಗುಟ್ಟದಲ್ಲಿ ಆತನು ಜಿನಬಿಂಬಗಳನ್ನೂ ಚಕ್ರೇಶ್ವರಿಯನ್ನೂ ಕಡೆಯಿಸಿದನು. ತ್ರಿಭುವನತಿಲಕವೆಂಬ ಬಸದಿ, ಮದನವಿಲಾಸವೆಂಬ ತೋಟ, ಒಂದು ಕೆರೆ ಇವುಗಳನ್ನು ಮಾಡಿಸಿದನು. ಆ ಕೆರೆಗೆ ಇಟ್ಟ ಹೆಸರು ಕವಿತಾಗುಣಾರ್ಣವ. ಅದು ಅಣ್ಣನ ಬಿರುದು! ಕಲ್ಲಿನ ಮೇಲೆ ಅವನು ಬರೆಯಿಸಿದ ಶಾಸನವು ಸಂಸ್ಕೃತ, ಕನ್ನಡ, ತೆಲುಗು ಎಂಬ ಮೂರು ಭಾಷೆಗಳಲ್ಲಿದೆ. ಅದರಲ್ಲಿರುವ ತೆಲುಗು ಕಂದಪದ್ಯಗಳು ಆ ಭಾಷೆಯಲ್ಲಿ ದೊರೆತಿರುವ ಅತಿ ಪ್ರಾಚೀನ ಕಂದಗಳೆಂದು ತೆಲುಗು ವಿದ್ವಾಂಸರು ಅವುಗಳನ್ನು ಬಹುವಾಗಿ ಗೌರವಿಸುತ್ತಾರೆ. ಅಣ್ಣನು ಕನ್ನಡಕ್ಕೆ ಆದಿಕವಿ. ತಮ್ಮನು ತೆಲುಗಿನ ಪದ್ಯಚರಿತ್ರೆಗೆ ಆಧಾರಸ್ತಂಭ. ಒಂದೇ ತಾಯಿಯ ಮಕ್ಕಳು ಎರಡು ಭಾಷೆಗಳ ಋಣವನ್ನು ತೀರಿಸಿದರು.

ಈ ಚರಿತ್ರೆಯನ್ನು ನಾವು ಇಷ್ಟು ವಿಸ್ತರಿಸಿದ್ದಕ್ಕೆ ಕಾರಣವುಂಟು. ಈ ಊರಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ತೆಲುಗು, ಅಡಿಗೆಮನೆಯಲ್ಲಿ ಕನ್ನಡ ಅಥವಾ ತುಳು ಎಂಬ ರೀತಿಯಲ್ಲಿ ನಮ್ಮವರ ಬಾಳು ಸಾಗಿದೆ. ಮಕ್ಕಳ ವಿಷಯ ಬಂದಾಗ ಮಾತ್ರ ನಮ್ಮಲ್ಲಿ ಎರಡು ಪಕ್ಷ. ಇಲ್ಲಿ ಹುಟ್ಟಿ ಇಲ್ಲಿಯೇ ಓದುವ ಮಗುವಿಗೆ ಕನ್ನಡವೇತಕ್ಕೆ ಎಂದು ಕೆಲವರು. ತೆಲುಗನ್ನು ವ್ಯಾಪಾರದ ಮಟ್ಟಿಗೆ ಕಲಿತರೆ ಸಾಕೆಂದು ಕೆಲವರು. ಇವೆರಡೂ ಸಣ್ಣ ಮಾತುಗಳೆಂದೇ ನಮ್ಮ ಅಭಿಪ್ರಾಯ. ಮೊದಲನೆಯದರಿಂದ ಅಜ್ಜಿಗೂ ಮೊಮ್ಮಗುವಿಗೂ ನಡುವೆ ಮಾತು ನಿಲ್ಲುತ್ತದೆ. ಎರಡನೆಯದರಿಂದ ನೆರೆಮನೆಯವರಿಗೂ ನಮಗೂ ನಡುವೆ ಗೋಡೆ ಏಳುತ್ತದೆ.

ಪಂಪನು ಯಾರವನೆಂದು ತೆಲುಗು ಮಿತ್ರರೊಡನೆ ವಾದಿಸುವುದೂ ಬೇಡ. ಅವರ ನೆಲದ ಬೇರು, ನಮ್ಮ ನುಡಿಯ ಫಲ ಎಂದು ಇಬ್ಬರೂ ಹೆಮ್ಮೆಪಡಬಹುದು. ಮಕ್ಕಳಿಗೆ ಶಾಲೆಯಲ್ಲಿ ಒಳ್ಳೆಯ ತೆಲುಗು ಬರಲಿ. ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆಯಾದರೂ ಕನ್ನಡ ಓದಿಸುವ ನಿಯಮವಿರಲಿ. ರಜೆಯಲ್ಲಿ ಊರಿಗೆ ಹೋಗುವವರು ಒಂದು ವರ್ಷವಾದರೂ ದಾರಿಯನ್ನು ಬದಲಿಸಿ ವೇಮುಲವಾಡವನ್ನೂ ಬೊಮ್ಮಲಗುಟ್ಟವನ್ನೂ ತೋರಿಸಲಿ. ಸಾವಿರ ವರ್ಷಗಳ ಹಿಂದೆ ಒಂದೇ ಬಂಡೆಯಲ್ಲಿ ಮೂರು ಭಾಷೆಗಳಿಗೆ ಎಡೆಯಿತ್ತು. ನಮ್ಮ ಮನೆಗಳಲ್ಲಿ ಎರಡಕ್ಕೆ ಎಡೆಯಿಲ್ಲದೆ ಹೋಗಬಾರದು.